ವಿವಿಕ್ತ ಗಣಿತಕ್ಕೆ ಕೋಣೆ ಸಿಕ್ಕ ಬಗೆ

ವಿಶ್ವವಿದ್ಯಾಲಯದ ಕುಲಸಚಿವ ಕರಜಗಿ ಸಾಹೇಬರಿಗೆ ಯಾರ ಮೇಲೂ ನಂಬಿಕೆಯಿಲ್ಲ. ವಿವಿಕ್ತ ಗಣಿತದ ಸಂಶೋಧನಾ ಕೇಂದ್ರಕ್ಕೆಂದು ಪ್ರೊಫೆಸರ್ ಅನಸೂಯಾ ಒಂದು ಕೋಣೆ ಕೇಳಿದಾಗಲಂತೂ ಅನುಮಾನ ಇಮ್ಮಡಿಸಿತು. ವಿವಿಕ್ತ ಗಣಿತವೆಂದರೆ ಬಿಡಿಬಿಡಿ ವಸ್ತುಗಳ, ಅವುಗಳ ನಡುವಿನ ನಂಟಿನ ಲೆಕ್ಕ. ಅದಕ್ಕೆ ಯಂತ್ರ ಬೇಡ, ಕರಿಹಲಗೆ ಸಾಕು.

"ಯಂತ್ರ ಇಲ್ಲದ ಸಂಶೋಧನೆ ಎಂಥಾದ್ದು? ಇದರಾಗ ಏನೋ ಮಸಲತ್ತು ಐತಿ. ಸಂಜಿಯೊಳಗ ಉಪಯೋಗ ತೋರಸ್ರಿ. ಇಲ್ಲಂದ್ರ ಕೋಣಿ ಉಗ್ರಾಣಕ್ಕ!"

ಚಹಾ ತಂದ, ಜವಾನರ ಕೆಲಸದ ದ್ಯಾಮವ್ವ ಏನೂ ಅರಿಯದವಳಂತೆ ಕೇಳಿದಳು, "ಸಾಹೇಬ್ರ, ನಾಳಿನ ಘಟಿಕೋತ್ಸವಕ್ಕ ವೇದಿಕಿ ಮ್ಯಾಲೆ ಕುರ್ಚಿ ಹೆಂಗ ಹಾಕ್ಲಿ?"

ಸಾಹೇಬರು ಹಣೆ ಹಿಡಿದುಕೊಂಡರು. ಅತಿಥಿಗಳಲ್ಲಿ ಒಬ್ಬರನ್ನು ಕಂಡರೆ ಇನ್ನೊಬ್ಬರಿಗಾಗದು. ಆಗದವರನ್ನು ಪಕ್ಕಪಕ್ಕ ಕೂರಿಸಿದರೆ ಎದ್ದು ಹೋಗುವುದು ಖಂಡಿತ.

"ಈ ಮೇಡಮ್ಮಾರನ್ನ ಕೇಳ್ರಲ್ಲ," ಎಂದಳು ದ್ಯಾಮವ್ವ.

ಸಾಹೇಬರು ನಡುನಡುವೆ ತಮ್ಮವನ್ನೂ ಸೇರಿಸಿ ಒಂದೊಂದೇ ಜಗಳ ಹೇಳಿದರು. ಅನಸೂಯಾ ವೇದಿಕೆಯ ಪ್ರತಿಯೊಬ್ಬರಿಗೂ ಗೋಡೆಗೊರಗಿಸಿದ್ದ ಕರಿಹಲಗೆಯ ಮೇಲೆ ಒಂದು ಚುಕ್ಕಿಯಿಟ್ಟು, ಆಗದವರ ನಡುವೆ ಗೆರೆ ಎಳೆದರು. ಗೆರೆಯಿಲ್ಲದವರನ್ನು ಪಕ್ಕಪಕ್ಕ ಬರೆದರು. ಅತಿಥಿಗಳ ಸಾಲು ಸರಿಹೋಯಿತು. ಸಾಹೇಬರು ಯಂತ್ರವೇನಾದರೂ ಅಡಗಿದೆಯೇ ಎಂದು ಹಲಗೆಯ ಹಿಂದೆ ಬಗ್ಗಿ ನೋಡಿದರು. ಗೋಡೆಯಷ್ಟೇ ಇತ್ತು. ಒಲ್ಲದ ಮನಸ್ಸಿನಿಂದ ಕೋಣೆಯ ಕೀಲಿಕೈ ಕೊಟ್ಟರು.

ಆಮೇಲೆ ಗಾಬರಿಯಾದರು. "ಅಲ್ಲಾ, ಈ ಸಾಲಿನಾಗ ನನ್ನ ಕುರ್ಚಿ ಎಲ್ಲೈತಿ?"

ದ್ಯಾಮವ್ವ ಅವರ ಚುಕ್ಕಿ ತೋರಿಸಿದಳು. ಅದರಿಂದ ಉಳಿದೆಲ್ಲ ಚುಕ್ಕಿಗಳಿಗೂ ಗೆರೆ ಹೋಗಿತ್ತು.

"ಅದನ್ನ ಕಂಡುಹಿಡ್ಯಾಕಂತನ ಈ ಕೇಂದ್ರ ಬೇಕಾಗಿದ್ದು, ಸಾಹೇಬ್ರ."