ಕುಂತ ಜಾಗ

ತುಂಗಭದ್ರೆಯ ದಂಡೆಯ ಆಶ್ರಮದಲ್ಲಿ ಗುರುಗಳನ್ನು ಎಲ್ಲರೂ ಅಜ್ಜಾರು ಅಂತಲೇ ಕರೆಯುತ್ತಿದ್ದರು. ಊರಲ್ಲಿ ಎಸಿ ರಿಪೇರಿ ಮಾಡಿಕೊಂಡಿದ್ದ ಕೊಟ್ರೇಶ ಅದನ್ನು ಬಿಟ್ಟು ಬಂದು, ಬಹಳ ವರ್ಷಗಳಿಂದ ಅವರ ಶಿಷ್ಯನಾಗಿದ್ದ.

ಸಂಜೆ ಪುರಾಣ ಓದುವ ಕೆಲಸವನ್ನು ಅಜ್ಜಾರು ಮೊನ್ನೆ ಮೊನ್ನೆ ಬಂದ ಸೋಮಲಿಂಗನಿಗೆ ಕೊಟ್ಟರು.

ಕೊಟ್ರೇಶನ ಹೊಟ್ಟೆಗೆ ಬೆಂಕಿ ಬಿತ್ತು. ಅವತ್ತಿನಿಂದ ಅವನ ಕಣ್ಣೆಲ್ಲ ಸೋಮಲಿಂಗನ ಮೇಲೆ. ಅಜ್ಜಾರು ಅವನ ಹತ್ತಿರ ಎಷ್ಟು ಹೊತ್ತು ನಕ್ಕರು, ಅವನ ತಟ್ಟೆಗೆ ಎಷ್ಟು ತುಪ್ಪ ಬಿತ್ತು, ಎಲ್ಲ ನೋಡುತ್ತಿದ್ದ. ತಾನೇನು ಉಂಡೆ ಅನ್ನೋದು ಮಾತ್ರ ನೆನಪಿರುತ್ತಿರಲಿಲ್ಲ.

ಒಂದು ದಿನ ಗಂಟುಮೂಟೆ ಕಟ್ಟಿದ.

"ನಾ ಹೊಂಟೆ ಅಜ್ಜಾರೆ. ಇನ್ನು ಬರಂಗಿಲ್ಲ."

"ಆತು. ಬೇಲಿಯಾಚೆ ಗಂಗವ್ವನ ಮನ್ಯಾಗ ಎಸಿ ಕೆಟ್ಟೈತಂತ. ಅದೊಂದು ನೋಡಿ ಹೋಗು, ಬಾ."

ಇಬ್ಬರೂ ಹೋದರು. ಎಸಿಯಿಂದ ಬರೀ ಬಿಸಿಗಾಳಿ ಬರುತ್ತಿತ್ತು. ಮುದುಕಿ ಬೆವರಿ ಸುಸ್ತಾಗಿದ್ದಳು.

ಕೊಟ್ರೇಶ ಬಾಗಿಲಲ್ಲೇ ಹೇಳಿದ, "ಗ್ಯಾಸ್ ಹೋಗೈತಿ."

"ಬಿಚ್ಚಿ ನೋಡಿದ್ಯಾ?" ಅಂದರು ಅಜ್ಜಾರು.

"ಸೋಮಲಿಂಗ ಬಂದು ಫಿಲ್ಟರ್ ತೊಳದು ಹೋಗ್ಯಾನಪ್ಪಾ," ಅಂದಳು ಗಂಗವ್ವ. "ಆವತ್ತಿಂದ ಹಿಂಗಾಗೈತಿ."

ಕೊಟ್ರೇಶನ ಮುಖ ಅರಳಿತು. ಸ್ಟೂಲು ಹತ್ತಿ ಮುಚ್ಚಳ ಬಿಚ್ಚಿದ. ಸಿಕ್ಕೇ ಬಿಟ್ಟಿತು.

"ನೋಡ್ರಿ ಅಜ್ಜಾರೆ, ನಿಮ್ಮ ಸೋಮಲಿಂಗನ ಕೆಲಸಾನ. ಫಿಲ್ಟರ್ ತೆಗೆಯೋವಾಗ ಸೆನ್ಸರ್ ಕಿತ್ತಾನ."

"ಹಂಗಂದ್ರೇನು?"

"ಕೋಣಿ ಎಷ್ಟು ಬಿಸಿ ಐತಿ ಅಂತ ಮಷಿನ್‌ಗೆ ಹೇಳೋದು ಇದು. ಈಗ ಕ್ಲಿಪ್ಪು ಬಿಟ್ಟು ಹೋಗಿ ಆ ತಣ್ಣನೆ ಪೈಪಿಗೆ ಅಂಟಿಕೊಂಡೈತಿ. ಪೈಪು ತಂಪೈತಿ, ಸಾಕು ಬಿಡು ಅಂತ ಮಷಿನ್ ತಂಪು ಮಾಡೋದು ನಿಲ್ಲಿಸ್ತೈತಿ. ಇಲ್ಲಿ ಕೋಣಿ ಸುಡೋದು ಅದಕ್ಕ ಗೊತ್ತಾಗಂಗಿಲ್ಲ."

"ಹೊಸದು ಹಾಕ್ಬೇಕೇನು?"

ಕೊಟ್ರೇಶ ಗಂಟಿನಿಂದ ತನ್ನ ಹಳೇ ಮೀಟರ್ ತೆಗೆದು ಸೆನ್ಸರಿನ ತಂತಿಗೆ ಹಚ್ಚಿದ. ಅದನ್ನು ಅಂಗೈಯಲ್ಲಿ ಹಿಡಿದು ಬಿಸಿ ಮಾಡಿ, ಮುಳ್ಳು ಸರಿಯುವುದನ್ನು ನೋಡಿದ.

"ಬ್ಯಾಡ್ರಿ. ಚಲೋ ಐತಿ. ಕುಂತ ಜಾಗ ಸರಿಯಿಲ್ಲ, ಅಷ್ಟೆ."

ಸೆನ್ಸರನ್ನು ಅದರ ಕ್ಲಿಪ್ಪಿನಲ್ಲಿ ಕೂರಿಸಿದ. ಸ್ವಲ್ಪ ಹೊತ್ತಿಗೆ ಹೊರಗಿನ ಮಷಿನ್ ಓಡತೊಡಗಿತು. ಗಂಗವ್ವ ತಂಪುಗಾಳಿಗೆ ಮುಖವೊಡ್ಡಿ ಕಣ್ಣು ಮುಚ್ಚಿದಳು.

ಕೊಟ್ರೇಶ ಗಂಟು ಎತ್ತಿಕೊಂಡ. ಹೊಸ್ತಿಲು ದಾಟಲು ಆಗಲಿಲ್ಲ. ಒಳಗಿದ್ದದ್ದು ಬಾಯಿಗೆ ಬಂತು.

"ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಅವನಿಗಿಂತ ನನ್ನಾಗ ಏನು ಕಮ್ಮಿ ಐತಿ ಅಜ್ಜಾರೆ?"

ಅಜ್ಜಾರು ಅವನ ಕೈಯಿಂದ ಗಂಟು ಇಸಕೊಂಡರು. ಅದನ್ನು ತಮ್ಮ ಹೆಗಲಿಗೆ ಹಾಕಿಕೊಂಡು ಆಶ್ರಮದ ದಾರಿ ಹಿಡಿದರು.

"ನಿನಗೂ ಮೀಟರ್ ಹಚ್ಚಿ ನೋಡೀನಪ್ಪಾ. ಚಲೋ ಅದಿ. ಕುಂತ ಜಾಗ ಸರಿಯಿಲ್ಲ, ಅಷ್ಟೆ."