ಹಗೇವಿನ ಮುಂದಿನ ಕಂಬಳಿ

ಹಗವು... ಅಲ್ಲ. ಹಗೆ... ಅದೂ ಅಲ್ಲ. ನೆಲದೊಳಗೆ ತೋಡಿ ಜೋಳ ತುಂಬಿಡುತ್ತಿದ್ದ ಗುಂಡಿಗೆ ನಮ್ಮೂರಲ್ಲಿ ಒಂದು ಹೆಸರಿತ್ತು. ಬಾಯಿ ಕಿರಿದು, ಒಡಲು ದೊಡ್ಡದು. ಈ ವಡೋದರಾದಲ್ಲಿ ಯಾರನ್ನು ಕೇಳಲಿ? ಹಗೇವು. ಹೌದು, ಹಗೇವು. ಮೊದಲು ಅದನ್ನು ಬರೆದುಕೋ ಇಂಚರಾ, ಮತ್ತೆ ಮರೆತೇನು. ಈ ಕತೆ ನಮ್ಮ ಓಣಿಯ ಮಠದ ಅಜ್ಜನವರು ಹೇಳಿದ್ದು. ಅವರು ಹೇಳಿದ ಹಾಗೆಯೇ ಹೇಳುತ್ತೇನೆ.

ಒಂದು ಮಠದಲ್ಲಿ ಬಡವರಿಗೆ ಕಾಳು ಕೊಡುವ ಕೆಲಸ ಒಬ್ಬ ಶಿಷ್ಯನದಾಗಿತ್ತು. ಅವನು ಒಂದು ದಿನ ಗುರುವಿನ ಎದುರು ಕುಳಿತು ಕೇಳಿದ:

"ಬುದ್ಧಿ, ಕೇಳಲು ಬರುವವರಲ್ಲಿ ನಿಜವಾದ ಬಡವರು ಯಾರು, ಬಡವರ ವೇಷ ಹಾಕಿದವರು ಯಾರು ಎಂದು ತಿಳಿಯುವುದು ಹೇಗೆ? ಅನರ್ಹರ ಕೈಗೆ ಹೋದ ಒಂದೊಂದು ಸೇರೂ ಹಸಿದವರ ಬಾಯಿಂದ ಕಿತ್ತುಕೊಂಡದ್ದಲ್ಲವೇ? ರಾತ್ರಿ ಇದೇ ಯೋಚನೆಯಲ್ಲಿ ನನಗೆ ನಿದ್ದೆ ಬರುವುದಿಲ್ಲ."

ಗುರು ಒಂದು ಕತೆ ಹೇಳತೊಡಗಿದರು.

ಒಂದು ಊರಿನ ಚಾವಡಿಯ ಹಿಂದೆ ಒಂದು ಹಗೇವು ಇತ್ತು. ಅದು ಯಾವ ಮನೆತನಕ್ಕೂ ಸೇರಿದ್ದಲ್ಲ, ಊರಿನದು. ಸುಗ್ಗಿಯಲ್ಲಿ ಪ್ರತಿ ಮನೆಯವರೂ ತಮ್ಮ ಕೈಲಾದಷ್ಟು ಜೋಳ ತಂದು ಅದಕ್ಕೆ ಸುರಿಯುತ್ತಿದ್ದರು. ಬಾಯಿಗೆ ಚಪ್ಪಡಿ ಮುಚ್ಚಿ ಸುತ್ತ ಮಣ್ಣು ಮೆತ್ತುತ್ತಿದ್ದರು. ಬಿತ್ತನೆಯ ಕಾಲಕ್ಕೆ ಅದನ್ನು ತೆರೆಯುತ್ತಿದ್ದರು. ಮನೆಯಲ್ಲಿ ಏನೂ ಉಳಿಯದವರು ಆಗ ಬಂದು ಒಯ್ಯುತ್ತಿದ್ದರು.

ಕೊಡುವುದಕ್ಕೆ ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಹಗೇವಿನ ಮುಂದೆ ಎರಡು ಗೂಟ ನೆಟ್ಟು ಒಂದು ಕರಿಯ ಕಂಬಳಿ ಕಟ್ಟುತ್ತಿದ್ದರು. ಅಳೆದು ಕೊಡುವವನು ಕಂಬಳಿಯ ಹಿಂದೆ ಕೂಡಬೇಕು. ಬೇಕಾದವರು ಹೊರಗಿನಿಂದ ಕಂಬಳಿಯ ಅಡಿಯಲ್ಲಿ ಚೀಲ ಚಾಚಬೇಕು. ಕೊಡುವವನಿಗೆ ಕಾಣುವುದು ಚೀಲ ಹಿಡಿದ ಕೈ ಮಾತ್ರ. ಒಂದು ಮಾತೂ ಆಡುವಂತಿಲ್ಲ. ಇದನ್ನು ಮಾಡಿದವರು ಯಾರೋ, ಯಾವಾಗಲೋ, ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ.

ಹಗೇವಿನ ಹೊಣೆ ಒಬ್ಬ ವರ್ತಕನ ಪಾಲಿಗೆ ಬಂತು. ಅವನ ಮನೆ ಚಾವಡಿಯ ಪಕ್ಕದಲ್ಲೇ ಇತ್ತು. ಅವನು ಕೆಟ್ಟವನಲ್ಲ. ಸುಗ್ಗಿಯಲ್ಲಿ ಎಲ್ಲರಿಗಿಂತ ಹೆಚ್ಚು ಜೋಳ ಸುರಿಯುತ್ತಿದ್ದವನೇ ಅವನು. ಆದರೆ ಮೊದಲ ವರ್ಷವೇ ಕಂಬಳಿಯ ಅಡಿಯಿಂದ ಬೆಳ್ಳಿಯ ಉಂಗುರ ತೊಟ್ಟ ಕೈಯೊಂದು ಚೀಲ ಚಾಚಿತು. ವರ್ತಕ ಅಳೆದು ಕೊಟ್ಟ. ಆದರೆ ಆ ಕೈಯನ್ನು ಮರೆಯಲಾರದೆ ಹೋದ. ಬಜಾರಿನಲ್ಲಿ ಕಂಡವರ ಬೆರಳುಗಳನ್ನೆಲ್ಲ ನೋಡತೊಡಗಿದ. ಊಟಕ್ಕೆ ಕುಳಿತರೂ ಯಾರೋ ತನ್ನನ್ನು ನೋಡಿ ನಗುತ್ತಿದ್ದಾರೆ ಎನಿಸುತ್ತಿತ್ತು. ಮೋಸ ಹೋದೆನೆಂಬ ಭಯ ಒಮ್ಮೆ ಹೊಕ್ಕರೆ ಸುಲಭವಾಗಿ ಹೊರಗೆ ಹೋಗುವಂಥದ್ದಲ್ಲ.

ಮರುವರ್ಷ ಅವನು ಕಂಬಳಿ ಕಟ್ಟಲಿಲ್ಲ. ಅದನ್ನು ಮಡಿಸಿ ಮನೆಗೆ ಒಯ್ದ. ಚಾವಡಿಯ ಕಟ್ಟೆಯ ಮೇಲೆ ಹಿರಿಯರನ್ನು ಕೂಡಿಸಿದ. ಬೇಕಾದವರು ಎದುರಿಗೆ ಬಂದು ನಿಲ್ಲಬೇಕು, ಮನೆಯಲ್ಲಿ ಏನಿದೆ, ಏನಿಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಬೇಕು ಎಂದ.

ಮೊದಲು ಬಂದವಳು ಗಂಡ ಮಕ್ಕಳಿಲ್ಲದ ಒಬ್ಬ ಮುದುಕಿ.

"ಮನ್ಯಾಗ ಏನುಳಿದೈತಿ, ಹೇಳಬೇ," ಎಂದ ವರ್ತಕ.

"ನಾನೊಬ್ಬಾಕಿ ಉಳಿದೀನ್ರಿ ಸಾವಕಾರ್ರ. ತೂಕಕ್ಕ ಬರೂದಿಲ್ಲ, ಬೆಲಿ ಬರೂದಿಲ್ಲ. ಬೇಕಂದ್ರ ನನ್ನಽ ತಗೊಂಡು ಜೋಳ ಕೊಡ್ರಿ."

ಕಟ್ಟೆಯ ಮೇಲಿದ್ದವರು ನಕ್ಕರು. ವರ್ತಕನೂ ನಕ್ಕ. ಒಂದು ಹಿಡಿ ಹೆಚ್ಚಾಗಿಯೇ ಹಾಕಿದ. ಮುದುಕಿಗೆ ಕಳೆದುಕೊಳ್ಳಲು ಏನೂ ಇರಲಿಲ್ಲ, ಆದ್ದರಿಂದ ಅವಳಿಗೆ ನಗಿಸಲು ಬಂತು. ಆದರೆ ಅವಳ ಹಿಂದೆ ನಿಂತಿದ್ದವರು ಆ ನಗುವನ್ನು ಕೇಳಿದರು. ಒಬ್ಬೊಬ್ಬರಾಗಿ ಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಸರಿದು ಹೋದರು.

ಸಂಜೆ ವರ್ತಕ ಹಗೇವಿನೊಳಗೆ ಬಗ್ಗಿ ನೋಡಿದ. ಜೋಳ ಹೆಚ್ಚು ಇಳಿದಿರಲಿಲ್ಲ. "ನೋಡಿದಿರಾ, ಇಷ್ಟು ವರ್ಷ ಎಷ್ಟು ಮಂದಿ ಸುಳ್ಳೇ ಒಯ್ಯುತ್ತಿದ್ದರು!" ಎಂದು ಹಿರಿಯರಿಗೆ ಹೇಳಿದ. ಆ ರಾತ್ರಿ ಅವನಿಗೆ ಚೆನ್ನಾಗಿ ನಿದ್ದೆ ಬಂತು.

ಮೊದಲೆಲ್ಲ ಕೊಡುವ ಕಾಲ ಮುಗಿಯುವವರೆಗೆ ಹಗೇವಿನ ಬಾಯಿ ತೆರೆದೇ ಇರುತ್ತಿತ್ತು. ವರ್ತಕ ಕಳ್ಳರಿಗೆ ಹೆದರಿ ಅದನ್ನು ಮತ್ತೆ ಚಪ್ಪಡಿಯಿಂದ ಮುಚ್ಚಿ ಮಣ್ಣು ಮೆತ್ತಿಸಿದ.

ಆ ಊರಿನಲ್ಲಿ ಒಬ್ಬ ನೇಕಾರನಿದ್ದ. ಬಿತ್ತನೆಯ ಕಾಲದಲ್ಲಿ ಸೀರೆ ಕೊಳ್ಳುವವರಿಲ್ಲ. ಆ ವರ್ಷ ಅವನು ಕೆಮ್ಮು ಹಿಡಿದು ಮಲಗಿದ್ದರಿಂದ ಮಗ್ಗವೂ ನಿಂತಿತ್ತು. ಅವನ ಹೆಂಡತಿ ಹಿಂದಿನ ವರ್ಷಗಳಲ್ಲಿ ಕಂಬಳಿಯ ಅಡಿಯಲ್ಲಿ ಚೀಲ ಚಾಚಿದವಳೇ. ಅದು ಗಂಡನಿಗೂ ಗೊತ್ತಿರಲಿಲ್ಲ. ತವರಿನಿಂದ ಬಂತು ಎಂದು ಹೇಳುತ್ತಿದ್ದಳು.

ಈಗ ಅವಳಿಗೆ ಹೋಗಲು ಧೈರ್ಯ ಬರಲಿಲ್ಲ. ದೊಡ್ಡ ಮಗಳಿಗೆ ಗಂಡು ಗೊತ್ತಾಗಿತ್ತು. ಬೀಗರಾಗುವವರು ಅದೇ ಊರಿನ ಇನ್ನೊಂದು ಓಣಿಯವರು. ಕಟ್ಟೆಯ ಮೇಲೆ ಕುಳಿತ ಹಿರಿಯರಲ್ಲಿ ಒಬ್ಬ ಗಂಡಿನ ಸೋದರಮಾವ. ಅವನ ಎದುರು ನಿಂತು ಮನೆಯಲ್ಲಿ ಹಿಟ್ಟಿಲ್ಲ ಎಂದರೆ ಮದುವೆ ಮುರಿದುಬೀಳುತ್ತದೆ. ಮುರಿದ ಮದುವೆಯ ಹುಡುಗಿಯನ್ನು ಮತ್ತೆ ಯಾರು ಕೇಳುತ್ತಾರೆ?

ಸೀರೆಯ ನೂಲಿಗೆ ಗಂಜಿ ಹಾಕಲು ಇಟ್ಟಿದ್ದ ಹಿಟ್ಟನ್ನು ಅವಳು ಮಕ್ಕಳಿಗೆ ಕುದಿಸಿ ಕೊಟ್ಟಳು. ಹತ್ತು ಹನ್ನೆರಡು ದಿನಕ್ಕೆ ಅದು ಮುಗಿಯಿತು. ಹುಣಸೆಬೀಜ ಹುರಿದು ಕೊಟ್ಟಳು. ಚಿಕ್ಕವನು ಅಳುವುದನ್ನು ನಿಲ್ಲಿಸಿದ. ಅಳುವಾಗ ಇರದ ಹೆದರಿಕೆ ಅವನು ಸುಮ್ಮನಾದಾಗ ಅವಳಿಗೆ ಆಯಿತು.

ಮರುದಿನ ಹದವಾದ ಮಳೆ ಬಿದ್ದಿತ್ತು. ಊರಿಗೆ ಊರೇ ಬಿತ್ತಲು ಹೊಲಕ್ಕೆ ಹೋಯಿತು. ಮಧ್ಯಾಹ್ನ ಚಾವಡಿಯ ಬಳಿ ಒಂದು ನರಪಿಳ್ಳೆಯೂ ಇರಲಿಲ್ಲ. ವರ್ತಕ ಉಂಡು ಮಲಗಿದ್ದ. ನೇಕಾರನ ಹೆಂಡತಿ ದೊಡ್ಡ ಮಗಳನ್ನು ಕರೆದುಕೊಂಡು ಹಗೇವಿನ ಬಳಿಗೆ ಬಂದಳು. ಮಗ್ಗದ ಮರದ ದಿಂಡನ್ನು ತಂದಿದ್ದಳು. ಅದನ್ನು ಸಂದಿಗೆ ಕೊಟ್ಟು ಇಬ್ಬರೂ ಮೀಟಿ ಚಪ್ಪಡಿಯನ್ನು ಸರಿಸಿದರು. ಬಾವಿಯ ಹಗ್ಗದ ಒಂದು ತುದಿಯನ್ನು ಕಂಬಳಿಯ ಹಳೆಯ ಗೂಟಕ್ಕೆ ಕಟ್ಟಿದಳು, ಇನ್ನೊಂದನ್ನು ತನ್ನ ಸೊಂಟಕ್ಕೆ.

"ಯವ್ವಾ, ಅವರು ದೀಪಾ ಇಳಿಸಿ ನೋಡತಾರಲ್ಲ?" ಎಂದಳು ಮಗಳು.

"ಅದು ಹುಳಾಹುಪ್ಪಡಿ ನೋಡಾಕ. ದೀಪಕ್ಕ ಎಣ್ಣಿ ಎಲ್ಲೈತಿ ಮನ್ಯಾಗ? ಕೇಳಿಲ್ಲೆ. ಹಗ್ಗಾ ಜಗ್ಗಿದ ಮ್ಯಾಲ ಎಳಿ. ಏನಽ ಆಗಲಿ, ಒದರಬ್ಯಾಡ. ಮಂದಿ ಕೂಡಿತಂದ್ರ ನಿನ್ನ ಬಾಳೇವು ಮುಗೀತು."

ಬಹಳ ದಿನ ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ನಿಂತಿರುತ್ತದೆ. ತೆರೆದ ಕೂಡಲೇ ಇಳಿದವರು ಏಳುವುದಿಲ್ಲ. ಅದಕ್ಕೇ ಒಕ್ಕಲಿಗರು ಬೆಳಿಗ್ಗೆ ಬಾಯಿ ತೆರೆದು, ಹೊತ್ತು ಏರಿದ ಮೇಲೆ ದೀಪ ಇಳಿಸಿ, ಅದು ಉರಿದರೆ ಮಾತ್ರ ಒಳಗೆ ಹೋಗುತ್ತಾರೆ. ನೇಕಾರರ ಮನೆಯಲ್ಲಿ ಹಗೇವು ಇರುವುದಿಲ್ಲ. ಅವಳು ಚಿಕ್ಕಂದಿನಿಂದ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯ್ದವಳು. ಕುಣಿ ಎಂದರೆ ಅವಳಿಗೆ ಅನ್ನ ಕೊಡುವ ಜಾಗ. ಅವಳು ಇಳಿದಳು.

ಮಗಳು ಕಾದಳು. ಕೆಳಗೆ ಜೋಳ ಸರಿದ ಸದ್ದು ಕೇಳಿತು. ಆಮೇಲೆ ಏನೂ ಕೇಳಲಿಲ್ಲ. ಹಗ್ಗ ಒಮ್ಮೆ ಬಿಗಿಯಿತು, ಹಾಗೆಯೇ ಉಳಿಯಿತು. ಮಗಳು ಎಳೆದಳು. ಬರಲಿಲ್ಲ. ಬಾಯಿಯ ಬಳಿ ಮುಖ ಇಟ್ಟು "ಯವ್ವಾ" ಎಂದು ಪಿಸುಗುಟ್ಟಿದಳು. ಪಿಸುಮಾತು ಒಳಗೆ ಹೋಯಿತು, ಮರಳಿ ಬರಲಿಲ್ಲ.

ಅವಳು ಒದರಲು ಬಾಯಿ ತೆರೆದಳು. ತಾಯಿಯ ಮಾತು ನೆನಪಾಯಿತು. ಬಾಯಿ ಮುಚ್ಚಿದಳು.

ಆ ಹೊತ್ತಿಗೆ ಹೊಲಕ್ಕೆ ಬುತ್ತಿ ಒಯ್ಯುತ್ತಿದ್ದ ಒಬ್ಬ ರೈತ ಅಲ್ಲಿಗೆ ಬಂದ. ಮಗಳು ಹಗೇವಿನ ಬಾಯಿಗೆ ಅಡ್ಡವಾಗಿ, ಹಗ್ಗದ ಮೇಲೆ ಸೀರೆಯ ನೆರಿಗೆ ಹರಡಿ ನಿಂತಳು.

"ಯಾಕ ತಂಗಿ, ಬಿಸಲಾಗ ಒಬ್ಬಾಕೀನಽ ನಿಂತಿ?"

"ಏನಿಲ್ರಿ ಕಾಕಾ. ಸುಮ್ಮಕ."

"ಸುಮ್ಮಕ ನಿಂತ್ರ ಮಾರಿ ಯಾಕ ಹಂಗ ಬೆಳ್ಳಗಾಗೇತಿ? ಯಾರರ ಬೈದ್ರೇನು?"

"ಇಲ್ರಿ."

"ಮದುವಿ ಹೆಣ್ಣಿಗೆ ಈಗಿಂದಽ ಹೆದರಿಕಿ ಬಂದೈತಿ ನೋಡು," ಎಂದು ನಕ್ಕು ಅವನು ಮುಂದೆ ನಡೆದ.

ಅವನ ಬೆನ್ನು ದೂರವಾಗುತ್ತಾ ಹೋಯಿತು. ಅವಳ ಪಾದದ ಅಡಿಯಲ್ಲಿ ಹಗ್ಗ ಅಲುಗಲಿಲ್ಲ. ಅವನು ಓಣಿಯ ತಿರುವನ್ನು ಮುಟ್ಟಿದ. ತಿರುಗಿದರೆ ಅವನಿಗೆ ಕೂಗು ಕೇಳುವುದಿಲ್ಲ. ಒದರಿದರೆ ಮದುವೆ ಹೋಗುತ್ತದೆ. ಒದರದಿದ್ದರೆ ತಾಯಿ ಹೋಗುತ್ತಾಳೆ. ಇಷ್ಟು ಸರಳವಾದ ಮಾತು ಅವಳಿಗೆ ತಿಳಿಯಲು ಅಷ್ಟು ಹೊತ್ತು ಹಿಡಿಯಿತು. ಅಷ್ಟು ಆಳವಾಗಿ ಆ ಊರು ಅವಳಿಗೆ ಹೆದರಲು ಕಲಿಸಿತ್ತು.

ಅವಳು ಒದರಿದಳು.

ಮೊದಲು ಹೊರಗೆ ಬಂದವನು ವರ್ತಕ. ತೆರೆದ ಹಗೇವನ್ನು ಕಂಡು "ಕಳ್ಳರು!" ಎಂದ. ಹುಡುಗಿ ಮಾತಾಡದೆ ಹಗ್ಗವನ್ನು ತೋರಿಸಿದಳು. ವರ್ತಕ ಮನೆಯೊಳಗೆ ಓಡಿ ದೀಪ ತಂದು ಇಳಿಸಿದ. ಮಾರು ದೂರ ಇಳಿಯುವಷ್ಟರಲ್ಲಿ, ಯಾರೋ ಬೆರಳಿನಿಂದ ಚಿವುಟಿದ ಹಾಗೆ ಅದು ಆರಿತು. ಅವನು ಮತ್ತೆ ಒಳಗೆ ಓಡಿದ. ಮಡಿಸಿಟ್ಟಿದ್ದ ಕಂಬಳಿಯನ್ನು ಹೊತ್ತು ತಂದ. ರೈತ ಬುತ್ತಿಯನ್ನು ಎಸೆದು ಓಡಿ ಬಂದಿದ್ದ. ಇಬ್ಬರೂ ಕಂಬಳಿಗೆ ಹಗ್ಗ ಕಟ್ಟಿ ಒಳಗೆ ಇಳಿಸಿ ಎಳೆದು, ಇಳಿಸಿ ಎಳೆದು, ಬಾವಿಯ ನೀರು ಸೇದುವಂತೆ ಆ ಕೆಟ್ಟ ಗಾಳಿಯನ್ನು ಕಲಕಿದರು. ದೀಪ ಇಳಿಸಿದರು, ಆರಿತು. ಮತ್ತೆ ಕಲಕಿದರು. ದೀಪ ಸಣ್ಣಗೆ, ನೀಲಿಯಾಗಿ ನಿಂತಿತು. ರೈತ ಹೆಗಲ ಮೇಲಿನ ವಲ್ಲಿಯನ್ನು ನೀರಲ್ಲಿ ನೆನೆಸಿ ಮೂಗಿಗೆ ಕಟ್ಟಿಕೊಂಡು ಇಳಿದ.

ಅವಳನ್ನು ಮೇಲೆ ತಂದು ನೆಲಕ್ಕೆ ಮಲಗಿಸಿದರು. ತುಟಿ ಕಪ್ಪಾಗಿತ್ತು. ಮಗಳು ನೀರು ಚಿಮುಕಿಸಿದಳು, ಎದೆ ತಿಕ್ಕಿದಳು. ವರ್ತಕ ತನಗೆ ಗೊತ್ತಿದ್ದ ದೇವರ ಹೆಸರನ್ನೆಲ್ಲ ಹೇಳಿದ. ಯಾವ ದೇವರೂ ಬೇಗ ಬರಲಿಲ್ಲ. ಬಹಳ ಹೊತ್ತಿನ ಮೇಲೆ ಅವಳ ಎದೆ ಒಮ್ಮೆ ಎದ್ದಿತು. ನಿಂತಿತು. ಮತ್ತೆ ಎದ್ದಿತು.

ಅವಳಿಗೆ ಇನ್ನೂ ಕಣ್ಣು ಕಾಣುತ್ತಿರಲಿಲ್ಲ. ಕೈಯಿಂದ ತಡಕಿ ಮಗಳ ಮೊಣಕೈ ಹಿಡಿದುಕೊಂಡಳು. ನಾನು ಬದುಕಿದೆನೇ ಎಂದು ಕೇಳಲಿಲ್ಲ. ಜೋಳ ಸಿಕ್ಕಿತೇ ಎಂದೂ ಕೇಳಲಿಲ್ಲ.

"ಯಾರೂ ನೋಡಲಿಲ್ಲ ಹೌದಲ್ಲೋ?" ಎಂದಳು.

ಮಗಳು ತಲೆ ಎತ್ತಿ ಆ ಇಬ್ಬರನ್ನು ನೋಡಿದಳು. ರೈತ ಮುಖ ತಿರುಗಿಸಿದ. ವರ್ತಕನೂ ಮುಖ ತಿರುಗಿಸಿ, ಗೋಡೆಯ ಕಡೆಗೆ ನಿಂತ.

"ಯಾರೂ ಇಲ್ಲವ್ವಾ," ಎಂದಳು ಮಗಳು.

ಗುರು ಇಲ್ಲಿಗೆ ಮಾತು ನಿಲ್ಲಿಸಿದರು. ಮಠದ ಅಂಗಳದಲ್ಲಿ ಕಾಳಿಗಾಗಿ ಬಂದವರು ಆಗಲೇ ಕುಳಿತಿದ್ದರು. ಶಿಷ್ಯ ಅವರ ಕಡೆಗೆ ಒಮ್ಮೆ ನೋಡಿ, ತಗ್ಗಿದ ದನಿಯಲ್ಲಿ ಕೇಳಿದ:

"ಬುದ್ಧಿ, ಒಂದು ಸಂದೇಹ. ಆ ನೇಕಾರನ ಹೆಂಡತಿ ನಿಜವಾಗಿಯೂ ಅಷ್ಟು ಬಡವಳೇ?"

ಗುರು ಹೇಳಿದರು:

"ಇದೇ ಪ್ರಶ್ನೆಗೆ ಹೆದರಿ ಅವಳು ಹಗೇವಿಗೆ ಇಳಿದಳು."