ಕಾಡುಹಂದಿಯ ನಾಲ್ಕನೆಯ ಗೆರೆ

ಕೆರೆಗೆ ಹೋಗುವ ಕಾಡುದಾರಿಯನ್ನು ಒಂದು ಮುದಿ ಹೆಣ್ಣಾನೆ ಕಾಯುತ್ತಿತ್ತು. ದಾರಿಯಲ್ಲಿ ನುಗ್ಗಿ ಯಾರಿಗಾದರೂ ಢಿಕ್ಕಿ ಹೊಡೆದವರ ಬೆನ್ನಿಗೆ ಅದು ಕೆಮ್ಮಣ್ಣಿನ ಒಂದು ಗೆರೆ ಎಳೆಯುತ್ತಿತ್ತು. ಆಮೇಲೆ ತಪ್ಪಿಲ್ಲದೆ ನಡೆದವರ ಗೆರೆಯನ್ನು ಮಳೆಗಾಲ ಬಂದಾಗ ತಾನೇ ತೊಳೆಯುತ್ತಿತ್ತು. ನಾಲ್ಕು ಗೆರೆ ಬಿದ್ದವರು ಮಾತ್ರ ಒಂದು ತಿಂಗಳು ಆ ದಾರಿಗೆ ಇಳಿಯುವಂತಿರಲಿಲ್ಲ.

ಆತುರದ ಕಾಡುಹಂದಿಯೊಂದು ಮೊಲವನ್ನು ಕೆಡವಿ ನಾಲ್ಕನೆಯ ಗೆರೆ ಪಡೆಯಿತು. "ಅಜ್ಜಿ, ಮೊಲಕ್ಕೆ ಏನೂ ಆಗಿಲ್ಲವಲ್ಲ!" ಎಂದು ಗುರುಗುಟ್ಟಿತು.

"ಏನಾದರೂ ಆದ ಮೇಲೆ ನಿನ್ನನ್ನು ತಡೆದು ಏನು ಪ್ರಯೋಜನ ಮಗನೇ? ಪೊದೆಯೊಳಗೆ ನಡೆದು ಹೋಗು," ಎಂದಿತು ಆನೆ.

ಹಂದಿ ಗೊಣಗುತ್ತಾ ಮುಳ್ಳುಪೊದೆಗಳ ನಡುವೆ ನಿಧಾನವಾಗಿ ಓಡಾಡತೊಡಗಿತು. ಒಂದು ಬೆಳಿಗ್ಗೆ, ತಾನು ಸದಾ ಓಡುತ್ತಿದ್ದ ತಿರುವಿನಲ್ಲಿ ಕೌಜುಗದ ಹಕ್ಕಿಯೊಂದು ತನ್ನ ಪುಟ್ಟ ಮರಿಗಳನ್ನು ದಾಟಿಸುತ್ತಿದ್ದುದನ್ನು ಕಂಡಿತು.

"ಈಚೆಗೆ ಇಲ್ಲಿ ಯಾರೂ ನುಗ್ಗುತ್ತಿಲ್ಲ ಹಂದಿಯಣ್ಣ. ಅದಕ್ಕೇ ಧೈರ್ಯ ಮಾಡಿ ಮಕ್ಕಳನ್ನು ನೀರಿಗೆ ಕರೆತಂದೆ," ಎಂದಿತು ಹಕ್ಕಿ.

ಮರಿಗಳೆಲ್ಲ ದಾಟುವವರೆಗೂ ಹಂದಿ ಪೊದೆಯಲ್ಲೇ ನಿಂತಿತು. ಅದು ನೇರವಾಗಿ ಆನೆಯ ಬಳಿಗೆ ಹೋಗಿ ತಲೆಬಾಗಿತು.

"ತಿಂಗಳು ಇನ್ನೂ ಮುಗಿದಿಲ್ಲ," ಎಂದಿತು ಆನೆ.

"ದಾರಿ ಬಿಡಿ ಎಂದು ಕೇಳಲು ಬಂದಿಲ್ಲ ಅಜ್ಜಿ. ಕೌಜುಗದ ಮರಿಗಳು ಬದುಕಿವೆ. ನಿಮಗೊಂದು ನಮಸ್ಕಾರ ಹೇಳಿ ಹೋಗೋಣವೆಂದು ಬಂದೆ."